ದಿಕ್ಸೂಚಿ ಹಿಡಿದು ಎಂಟು ದಿನ

ಈ ಪ್ರವಾಸ ಹುಟ್ಟಿದ್ದು ಒಂದು ಹಳೆಯ ವಾದದಿಂದ. ವಾದ ನನ್ನ ಗೆಳೆಯನದು. "ಯಹೂದಿಗಳಿಗೆ ದೇವರು ಒಬ್ಬನೇ. ಕ್ರೈಸ್ತರಿಗೂ ಒಬ್ಬನೇ. ಮುಸ್ಲಿಮರಿಗೂ ಒಬ್ಬನೇ. ಮೂರು ಜನವೂ ಒಬ್ಬನೇ ಅಂದ್ಮೇಲೆ ಅವನು ಅವನೇ ಆಗಿರಬೇಕು ತಾನೆ? ಇವತ್ತಲ್ಲ ನಾಳೆ ಮೂರೂ ಧರ್ಮ ಸೇರಿ ಒಂದಾಗ್ಲೇಬೇಕು ಕಣೋ" ಅನ್ನುತ್ತಿದ್ದ. ಲೆಕ್ಕ ಸರಿಯಾಗೇ ಇದೆ. ಆದರೂ ಎಲ್ಲೋ ತಪ್ಪಿದೆ ಅಂತ ನನಗೆ ಅನ್ನಿಸುತ್ತಿತ್ತು. ಎಲ್ಲಿ ಅಂತ ಹೇಳಲು ಬರುತ್ತಿರಲಿಲ್ಲ. ಕೊನೆಗೆ, ಮೂರೂ ಧರ್ಮ ಒಂದೇ ಗೋಡೆಯ ಒಳಗೆ ಬದುಕುವ ಊರಿಗೇ, ಜೆರುಸಲೇಮಿಗೇ, ಹೋಗಿ ನೋಡೋಣ ಅಂತ ಹೊರಟೆವು. ನಾವಿಬ್ಬರೂ ಆ ಮೂರರಲ್ಲಿ ಯಾವುದಕ್ಕೂ ಸೇರಿದವರಲ್ಲ. ಕೆಲವು ಬಾಗಿಲಲ್ಲಿ ಅದರಿಂದ ಅನುಕೂಲವಾಯಿತು, ಕೆಲವು ಬಾಗಿಲಲ್ಲಿ ಆಗಲಿಲ್ಲ.

ಹೋದದ್ದು 2023ರ ಜೂನ್‌ನಲ್ಲಿ. ನಾಲ್ಕು ತಿಂಗಳ ನಂತರ ಅಲ್ಲಿ ಯುದ್ಧ ಶುರುವಾಯಿತು. ಹಾಗಾಗಿ ಇದನ್ನು ಯುದ್ಧಕ್ಕೆ ಮುಂಚಿನ ಕಥೆ ಅಂತಲೇ ಓದಿಕೊಳ್ಳಿ.

ಇನ್ನೊಂದು ವಿಷಯ. ಯಾವ ಕಟ್ಟಡಕ್ಕೆ ಹೋದರೂ ಮೊಬೈಲ್ ತೆಗೆದು ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ನೋಡುವುದು ಗೆಳೆಯನಿಗೆ ಚಟ. ಆ ದಿಕ್ಸೂಚಿಯ ಕಾಟ ಎಂಟು ದಿನವೂ ಇತ್ತು.

ಮೊದಲ ದಿನ, ಗುರುವಾರ

ಜೆರುಸಲೇಮಿನ ಹಳೆಯ ಊರು ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. 16ನೇ ಶತಮಾನದಲ್ಲಿ ಒಟ್ಟೊಮನ್ ಸುಲ್ತಾನ ಸುಲೇಮಾನ್ ಕಟ್ಟಿಸಿದ ಗೋಡೆ ಸುತ್ತಲೂ ಇದೆ. ಒಳಗೆ ಮುಸ್ಲಿಂ, ಕ್ರೈಸ್ತ, ಯಹೂದಿ, ಅರ್ಮೇನಿಯನ್ ಅಂತ ನಾಲ್ಕು ಕೇರಿಗಳು. ಒಂದರಿಂದ ಇನ್ನೊಂದಕ್ಕೆ ಹೋಗಲು ಹತ್ತು ನಿಮಿಷ ಸಾಕು.

ಬೆಳಿಗ್ಗೆ ಮರದ ಇಳಿಜಾರು ಸೇತುವೆ ಹತ್ತಿ ಮುಘ್ರಾಬಿ ಬಾಗಿಲಿನಿಂದ ಅಲ್ ಅಕ್ಸಾ ಮಸೀದಿಯ ಆವರಣದೊಳಗೆ ಹೋದೆವು. ಮುಸ್ಲಿಮರಲ್ಲದವರಿಗೆ ಇದೊಂದೇ ಬಾಗಿಲು. ಶುಕ್ರವಾರ, ಶನಿವಾರ ಅದೂ ಇಲ್ಲ. ಸೇತುವೆಯ ಬುಡದಲ್ಲಿ ಯಹೂದಿ ಧರ್ಮಗುರುಗಳ ಮಂಡಳಿ ಹಾಕಿಸಿದ ಫಲಕ ಇದೆ. ಯಹೂದಿಗಳು ಮೇಲೆ ಹೋಗಬಾರದು, ಜಾಗ ಅಷ್ಟು ಪವಿತ್ರ ಅಂತ. ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದ ತಮ್ಮ ದೇವಾಲಯ ಇದ್ದದ್ದು ಇಲ್ಲೇ ಅಂತ ಅವರ ನಂಬಿಕೆ. ಗರ್ಭಗುಡಿ ಸರಿಯಾಗಿ ಎಲ್ಲಿತ್ತೋ, ತಿಳಿಯದೆ ಅದನ್ನು ತುಳಿದುಬಿಟ್ಟರೆ ಅನ್ನುವ ಭಯ.

ಮೇಲೆ ಹೋದರೆ ಬಂಡೆಯ ಗುಮ್ಮಟ, ಪವಿತ್ರ ಬಂಡೆಯೊಂದರ ಮೇಲೆ ಕಟ್ಟಿದ ಇಸ್ಲಾಮಿನ ಕಟ್ಟಡ. ಬಂಗಾರದ ಬಣ್ಣ ಬಿಸಿಲಿಗೆ ಕಣ್ಣು ಕುಕ್ಕುತ್ತದೆ. 691-92ರ ಹೊತ್ತಿಗೆ ಖಲೀಫ ಅಬ್ದುಲ್ ಮಲಿಕ್ ಕಟ್ಟಿಸಿದ್ದು. ನಮಗೆ ಒಳಗೆ ಪ್ರವೇಶ ಇಲ್ಲ. ಆದರೆ ಒಳಗಿನ ಕಮಾನುಗಳ ಮೇಲೆ ಸುತ್ತಲೂ ಸುಮಾರು 240 ಮೀಟರ್ ಉದ್ದಕ್ಕೆ ಬರಹ ಇದೆ ಅಂತ ನಾನು ಓದಿಕೊಂಡು ಬಂದಿದ್ದೆ. ಅದರಲ್ಲಿ ಬಹಳಷ್ಟು ಮಾತು ಯಾರಿಗೆ ಗೊತ್ತಾ? ಕ್ರೈಸ್ತರಿಗೆ. ಗ್ರಂಥದ ಜನರೇ, ಅತಿ ಮಾಡಬೇಡಿ, ಮರಿಯಮಳ ಮಗ ಈಸಾ (ಯೇಸು) ದೇವರ ದೂತ, ಮೂರು ಅನ್ನಬೇಡಿ, ದೇವರು ಒಬ್ಬನೇ, ಅನ್ನುವ ಅರ್ಥದ ಮಾತುಗಳು.

ಗೆಳೆಯನಿಗೆ ಖುಷಿ. "ನೋಡಿದ್ಯಾ, ಆಗಲೇ ಬನ್ನಿ ಒಂದಾಗೋಣ ಅಂತ ಕರೆದಿದ್ದಾರೆ!"

"ಕರೆದಿದ್ದಾರೆ. ಆದರೆ ಬರೋರು ತಮ್ಮದನ್ನ ಹೊರಗೇ ಬಿಟ್ಟು ಬರಬೇಕು" ಅಂದೆ.

ಅವನು ಮೊಬೈಲ್ ತೆಗೆದು ಆವರಣದ ತುದಿಯಲ್ಲಿರುವ ಅಲ್ ಅಕ್ಸಾ ಮಸೀದಿಯ ದಿಕ್ಕು ನೋಡಿದ. ದಕ್ಷಿಣ, ಅಂದರೆ ಮೆಕ್ಕಾದ ಕಡೆ. ಅಲ್ಲಿ ನಮಾಜಿಗೆ ನಿಂತವರ ಬೆನ್ನು ಈ ಬಂಡೆಗೆ. ಮೊದಲು ಹೀಗಿರಲಿಲ್ಲ. ಪ್ರವಾದಿ ಮಹಮ್ಮದರು ಮದೀನಾಕ್ಕೆ ಬಂದ ಮೇಲೂ 16-17 ತಿಂಗಳು ಮುಸ್ಲಿಮರು ಜೆರುಸಲೇಮಿನ ಕಡೆಗೇ ತಿರುಗಿ ಪ್ರಾರ್ಥಿಸುತ್ತಿದ್ದರು. ಪ್ರಾರ್ಥನೆಯ ದಿಕ್ಕು, ಅಂದರೆ ಕಿಬ್ಲಾ, ಮೆಕ್ಕಾಕ್ಕೆ ಬದಲಾದದ್ದು 624ರಲ್ಲಿ. ಯಹೂದಿಗಳ ದಿಕ್ಕೂ ಜೆರುಸಲೇಮೇ. ಅಂದರೆ ಅಷ್ಟು ದಿನ ಇಬ್ಬರ ಮುಖವೂ ಒಂದೇ ಕಡೆಗಿತ್ತು. ಆ 16 ತಿಂಗಳನ್ನು ಗೆಳೆಯ ತನ್ನ ಕಡೆಯ ಸಾಕ್ಷಿ ಅಂತ ಇಟ್ಟುಕೊಂಡ. ನಾನೂ ನನ್ನ ಕಡೆಯ ಸಾಕ್ಷಿ ಅಂತ ಅದನ್ನೇ ಇಟ್ಟುಕೊಂಡೆ.

ಎರಡನೇ ದಿನ, ಶುಕ್ರವಾರ

ಒಂದೇ ದಿನದಲ್ಲಿ ಮೂರನ್ನೂ ನೋಡಬೇಕು ಅಂದರೆ ಇಲ್ಲಿನ ಶುಕ್ರವಾರ ನೋಡಬೇಕು. ಮಧ್ಯಾಹ್ನ ಡಮಾಸ್ಕಸ್ ಬಾಗಿಲಿನಿಂದ ನಮಾಜಿಗೆ ಜನಸಾಗರ. ಅವರು ವಾಪಸ್ ಹೋಗಿ ಗಲ್ಲಿ ಖಾಲಿಯಾಗುವ ಹೊತ್ತಿಗೆ, ಯೇಸು ಶಿಲುಬೆ ಹೊತ್ತು ನಡೆದ ಅನ್ನುವ ದಾರಿಯಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮೆರವಣಿಗೆ. ಸಂಜೆ ಕತ್ತಲಾಗುವ ಮುಂಚೆ ಕಪ್ಪು ಕೋಟಿನ ಯಹೂದಿಗಳು ಪಶ್ಚಿಮ ಗೋಡೆಯ ಕಡೆಗೆ ಬಿರಬಿರನೆ ನಡೆಯುತ್ತಿದ್ದರು. ಅವರ ವಾರದ ವಿಶ್ರಾಂತಿಯ ದಿನ, ಸಬ್ಬತ್, ಶುರು. ಮೂರೂ ಗುಂಪು ಹೆಚ್ಚು ಕಡಿಮೆ ಅವೇ ಕಲ್ಲುಹಾಸಿನ ಮೇಲೆ ನಡೆಯುತ್ತವೆ. ಒಂದು ಗುಂಪು ಇನ್ನೊಂದನ್ನು ನೋಡುವುದೇ ಇಲ್ಲ. ದ್ವೇಷದಿಂದ ಅಂತ ನನಗೆ ಅನ್ನಿಸಲಿಲ್ಲ. ಅಭ್ಯಾಸ ಇರಬೇಕು.

ಗೋಡೆಯ ಎದುರು ಗೆಳೆಯ ಮತ್ತೆ ಮೊಬೈಲ್ ತೆಗೆದ. ಅಲ್ಲಿದ್ದ ಹಿರಿಯರೊಬ್ಬರು ಬೆರಳಾಡಿಸಿ ಬೇಡ ಅಂದರು. ಸಬ್ಬತ್ತಿನಲ್ಲಿ ಅಲ್ಲಿ ಮೊಬೈಲ್ ಮುಟ್ಟುವಂತಿಲ್ಲ. ನಾಚಿಕೊಂಡು ಜೇಬಿಗೆ ಹಾಕಿದ. ದಿಕ್ಸೂಚಿ ಇಲ್ಲದೆಯೂ ಗೊತ್ತಾಗುತ್ತಿತ್ತು, ಅವರೆಲ್ಲ ಪೂರ್ವಕ್ಕೆ ತಿರುಗಿದ್ದರು. ಸೂರ್ಯನಿಗಾಗಿ ಅಲ್ಲ. ದೇವಾಲಯ ಇದ್ದದ್ದು ಗೋಡೆಯ ಆಚೆಗೆ, ನಿನ್ನೆ ನಾವು ನಿಂತಿದ್ದ ಜಾಗದಲ್ಲಿ.

ಮೂರನೇ ದಿನ, ಶನಿವಾರ

ಸಬ್ಬತ್ ಅಂತ ಪಶ್ಚಿಮ ಜೆರುಸಲೇಮಿನಲ್ಲಿ ಇವತ್ತು ಟ್ರಾಮ್ ಇಲ್ಲ. ಪೂರ್ವದ ಕಡೆ ಬಸ್ಸು ಸಿಕ್ಕಿತು. ಆಲಿವ್ ಬೆಟ್ಟಕ್ಕೆ ಹೋದೆವು.

ಬೆಟ್ಟದ ಮೇಲೆ ಎಂಟು ಮೂಲೆಯ ಸಣ್ಣ ಕಟ್ಟಡ. ಯೇಸು ಸ್ವರ್ಗಕ್ಕೆ ಏರಿದ್ದು ಇಲ್ಲಿಂದ ಅಂತ ನಂಬಿಕೆ. ನೆಲದಲ್ಲಿ ಅವನ ಹೆಜ್ಜೆ ಗುರುತು ಅಂತ ತೋರಿಸುವ ಕಲ್ಲು. ಕ್ರುಸೇಡ್ ಅನ್ನುವ ಧರ್ಮಯುದ್ಧಕ್ಕೆ ಬಂದ ಯುರೋಪಿನ ಕ್ರೈಸ್ತರು ಕಟ್ಟಿದ ಈ ಚರ್ಚ್ ಮುಸ್ಲಿಂ ಸುಲ್ತಾನ ಸಲಾದಿನ್ ಕಾಲದಲ್ಲಿ ಮಸೀದಿಯಾಯಿತು. ಒಳಗೆ ಮಿಹ್ರಾಬ್, ಅಂದರೆ ಮೆಕ್ಕಾದ ದಿಕ್ಕು ತೋರಿಸುವ ಗೂಡು, ಇದೆ. ಇವತ್ತಿಗೂ ಮುಸ್ಲಿಂ ವಕ್ಫ್ ಆಸ್ತಿ. ಯೇಸುವಿನ ಸ್ವರ್ಗಾರೋಹಣದ ಹಬ್ಬಕ್ಕೆ ಮಾತ್ರ ಕ್ರೈಸ್ತರು ಬಂದು ಪೂಜೆ ಮಾಡುತ್ತಾರೆ. ಡೇರೆಯ ಹಗ್ಗ ಕಟ್ಟಲು ಅಂಗಳದ ಗೋಡೆಯಲ್ಲಿ ಕೊಂಡಿಗಳೂ ಇವೆ. ಹಬ್ಬ ಮುಗಿದ ಮೇಲೆ ಡೇರೆ ಕಿತ್ತುಕೊಂಡು ಹೋಗುತ್ತಾರೆ.

ಈ ಏರ್ಪಾಡು ನಡೆಯುವುದಕ್ಕೆ ಕಾರಣ ಇದೆ. ಯೇಸುವನ್ನು ದೇವರು ತನ್ನ ಬಳಿಗೆ ಎತ್ತಿಕೊಂಡ ಅಂತ ಕುರಾನೂ ಹೇಳುತ್ತದೆ. ಅವನು ಕನ್ಯೆಗೆ ಹುಟ್ಟಿದವನು ಅಂತಲೂ ಹೇಳುತ್ತದೆ. ಅವನ ತಾಯಿಯ ಹೆಸರಿನಲ್ಲಿ ಒಂದು ಇಡೀ ಅಧ್ಯಾಯ ಇದೆ. ಇಷ್ಟು ಹತ್ತಿರ ಬಂದ ಮೇಲೆ ಉಳಿದದ್ದೇನು ಅಂತ ಗೆಳೆಯನ ಪ್ರಶ್ನೆ.

ಉಳಿದದ್ದೇ ದೊಡ್ಡದು. ಶಿಲುಬೆಯ ಮೇಲೆ ಯೇಸು ಸತ್ತ, ಮೂರನೇ ದಿನ ಎದ್ದ ಅನ್ನುವುದರ ಮೇಲೆ ಕ್ರೈಸ್ತ ಧರ್ಮ ನಿಂತಿದೆ. ಆತನನ್ನು ಶಿಲುಬೆಗೆ ಏರಿಸಲೇ ಇಲ್ಲ, ಹಾಗೆ ಕಂಡಿತು ಅಷ್ಟೆ, ಅನ್ನುತ್ತದೆ ಕುರಾನ್. ದೇವರು ಕಳಿಸಬೇಕಾದ ರಕ್ಷಕ, ಮೆಸ್ಸೀಯ, ಇನ್ನೂ ಬಂದೇ ಇಲ್ಲ ಅನ್ನುತ್ತಾರೆ ಯಹೂದಿಗಳು. ಇದು ವೇಷಭೂಷಣದ ವ್ಯತ್ಯಾಸ ಅಲ್ಲ. ಒಬ್ಬರ ಮಾತು ಒಪ್ಪಿದರೆ ಇನ್ನೊಬ್ಬರಿಗೆ ಆಧಾರವೇ ಉಳಿಯುವುದಿಲ್ಲ. ಪೂರ್ತಿ ಅಪರಿಚಿತ ಧರ್ಮಗಳಾಗಿದ್ದರೆ ಹೇಗೋ ಹೊಂದಿಕೊಳ್ಳುತ್ತಿದ್ದವೋ ಏನೋ. ಇವು ಒಂದೇ ಮನುಷ್ಯನ ಬಗ್ಗೆ ಮೂರು ಬೇರೆ ಮಾತು ಹೇಳುತ್ತವೆ.

ಮೋಶೆ ಬೆನ್ ಮೈಮೊನ್ ಅಂತ 12ನೇ ಶತಮಾನದ ಯಹೂದಿ ಪಂಡಿತ ಇದ್ದ. ಕೈರೋದಲ್ಲಿ ಸಲಾದಿನ್ ಆಸ್ಥಾನದವರಿಗೆ ವೈದ್ಯನಾಗಿದ್ದವನು. ಅವನ ಪ್ರಕಾರ ಇಸ್ಲಾಂ ಶುದ್ಧ ಏಕದೇವೋಪಾಸನೆ. ತಂದೆ, ಮಗ, ಪವಿತ್ರಾತ್ಮ ಮೂರೂ ಸೇರಿ ಒಬ್ಬ ಅನ್ನುವ ಕ್ರೈಸ್ತರ ತ್ರಯೇಕ ದೇವರು ಹಾಗಲ್ಲ. 'ದೇವರು ಒಬ್ಬನೇ' ಅನ್ನುವ ವಾಕ್ಯದಲ್ಲಿ 'ಒಬ್ಬ' ಅಂದರೆ ಏನು ಅನ್ನುವಲ್ಲೇ ಜಗಳ ನೋಡಿ! ನನ್ನ ಗೆಳೆಯನ ಲೆಕ್ಕ ತಪ್ಪಿದ್ದು ಇಲ್ಲಿ ಅಂತ ನನಗೆ ಆ ಬೆಟ್ಟದ ಮೇಲೆ ಹೊಳೆಯಿತು. ಮೂವರೂ ಬರೆದ ಅಂಕಿ ಒಂದೇ, ಎಣಿಸಿದ ರೀತಿ ಬೇರೆ.

ನಾಲ್ಕನೇ ದಿನ, ಭಾನುವಾರ

ಪವಿತ್ರ ಸಮಾಧಿ ಚರ್ಚ್. ಯೇಸುವನ್ನು ಶಿಲುಬೆಗೆ ಏರಿಸಿದ್ದು, ಹೂಳಿದ್ದು, ಅವನು ಎದ್ದದ್ದು ಎಲ್ಲ ಇದೇ ಸೂರಿನ ಕೆಳಗೆ ಅಂತ ನಂಬಿಕೆ. ಇಲ್ಲಿ ಬೇರೆ ಧರ್ಮದವರ ಮಾತೇ ಬೇಡ, ಕ್ರೈಸ್ತರದ್ದೇ ಆರು ಪಂಗಡ: ಗ್ರೀಕ್ ಆರ್ಥೊಡಾಕ್ಸ್, ಕ್ಯಾಥೊಲಿಕ್, ಅರ್ಮೇನಿಯನ್, ಕಾಪ್ಟಿಕ್, ಸಿರಿಯನ್, ಇಥಿಯೋಪಿಯನ್. ಇಥಿಯೋಪಿಯದ ಸನ್ಯಾಸಿಗಳು ಛಾವಣಿಯ ಮೇಲೆ ಮಣ್ಣಿನ ಗೂಡಿನಂಥ ಕೋಣೆಗಳಲ್ಲಿದ್ದಾರೆ. ಯಾವ ಕಂಬ ಯಾರದ್ದು, ಯಾವ ಮೆಟ್ಟಿಲು ಗುಡಿಸುವವರು ಯಾರು, ಯಾವ ಹೊತ್ತಿಗೆ ಯಾರ ಪೂಜೆ, ಎಲ್ಲಕ್ಕೂ ಕಟ್ಟುಪಾಡು. 1757 ಮತ್ತು 1852ರಲ್ಲಿ ಒಟ್ಟೊಮನ್ ಸುಲ್ತಾನರು ಹೊರಡಿಸಿದ ಆಜ್ಞೆಯೇ ಇದಕ್ಕೆ ಆಧಾರ. ಆ ಸಾಮ್ರಾಜ್ಯ ಹೋಗಿ ನೂರು ವರ್ಷವಾಯಿತು. ಆಜ್ಞೆ ಇನ್ನೂ ನಡೆಯುತ್ತಿದೆ.

ಮುಂಬಾಗಿಲ ಮೇಲಿನ ಕಿಟಕಿಗೆ ಒಂದು ಮರದ ಏಣಿ ಒರಗಿಸಿದೆ. 18ನೇ ಶತಮಾನದಿಂದ ಅದು ಅಲ್ಲೇ ಇದೆ. ತೆಗೆಯಬೇಕಾದರೆ ಎಲ್ಲರೂ ಒಪ್ಪಬೇಕು. 2002ರಲ್ಲಿ ಛಾವಣಿಯ ಮೇಲೆ ಕಾಪ್ಟಿಕ್ ಸನ್ಯಾಸಿಯೊಬ್ಬರು ಬಿಸಿಲು ಅಂತ ಕುರ್ಚಿಯನ್ನು ನೆರಳಿಗೆ ಸರಿಸಿದರು. ಅದಕ್ಕೆ ಹೊಡೆದಾಟವಾಗಿ 11 ಜನ ಆಸ್ಪತ್ರೆ ಸೇರಿದರು. ಗೆಳೆಯನಿಗೆ ಹೇಳಿದಾಗ ಅವನು ನಗಲಿಲ್ಲ. ನನಗೂ ಆಮೇಲೆ ನಗು ಬರಲಿಲ್ಲ. ಕುರ್ಚಿ ಸರಿದರೆ ಜಾಗ ಸರಿಯಿತು, ಜಾಗ ಸರಿದರೆ ಹಕ್ಕು ಹೋಯಿತು ಅನ್ನುವ ಭಯ ಅದು. ಮನೆ ಪಾಲಾದ ಅಣ್ಣತಮ್ಮಂದಿರಿಗೆ ಚೆನ್ನಾಗಿ ಅರ್ಥವಾಗುತ್ತದೆ.

1054ರಲ್ಲಿ ಕ್ಯಾಥೊಲಿಕ್ಕರ ರೋಮ್ ಮತ್ತು ಆರ್ಥೊಡಾಕ್ಸರ ಕಾನ್‌ಸ್ಟಾಂಟಿನೋಪಲ್ ಒಬ್ಬರನ್ನೊಬ್ಬರು ಬಹಿಷ್ಕರಿಸಿದವು. 1964ರ ಜನವರಿಯಲ್ಲಿ ಪೋಪ್ ಆರನೇ ಪೌಲ್ ಮತ್ತು ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷ ಅಥೆನಾಗೊರಸ್ ಇದೇ ಜೆರುಸಲೇಮಿನಲ್ಲಿ ಅಪ್ಪಿಕೊಂಡರು. ಮರುವರ್ಷ ಬಹಿಷ್ಕಾರ ವಾಪಸ್ ತಗೊಂಡರು. ಆದರೂ ಇವತ್ತಿಗೂ ಆ ಎರಡು ಚರ್ಚುಗಳು ಒಂದೇ ಬಲಿಪೀಠದ ಮುಂದೆ ಪ್ರಸಾದ ಹಂಚಿಕೊಳ್ಳುವುದಿಲ್ಲ. ಹೆಚ್ಚು ಕಡಿಮೆ ಒಂದೇ ಬೈಬಲ್, ಒಬ್ಬನೇ ಯೇಸು. ಇನ್ನು ಮೂರು ಧರ್ಮದ ಮಾತು!

ರಾತ್ರಿ ಬಾಗಿಲು ಹಾಕುವುದನ್ನು ನೋಡಲು ಕಾದೆವು. ಚರ್ಚಿನ ಕೀಲಿ ಇರುವುದು ಒಂದು ಮುಸ್ಲಿಂ ಮನೆತನದಲ್ಲಿ. ಬಾಗಿಲು ತೆಗೆದು ಹಾಕುವ ಹಕ್ಕು ಇನ್ನೊಂದು ಮುಸ್ಲಿಂ ಮನೆತನಕ್ಕೆ. ಜೂದೆ ಮತ್ತು ನುಸೈಬೆ ಅಂತ ಆ ಮನೆತನಗಳ ಹೆಸರು. ಗ್ರೀಕ್, ಫ್ರಾನ್ಸಿಸ್ಕನ್, ಅರ್ಮೇನಿಯನ್ ಪ್ರತಿನಿಧಿಗಳು ಬಂದು ನಿಂತರು. ಒಬ್ಬಾತ ಸಣ್ಣ ಏಣಿ ಹತ್ತಿ ಮೇಲಿನ ಬೀಗ ಹಾಕಿ ಇಳಿದ. ಆಮೇಲೆ ಬಾಗಿಲಲ್ಲಿರುವ ಪುಟ್ಟ ಕಿಂಡಿಯಿಂದ ಏಣಿಯನ್ನು ಒಳಗಿನವರಿಗೆ ದಾಟಿಸಿದ. ಕೀಲಿ ಹೊರಗಿನವರ ಕೈಲಿ, ಏಣಿ ಒಳಗಿನವರ ಕೈಲಿ. ಬೆಳಿಗ್ಗೆ ಇಬ್ಬರಲ್ಲಿ ಒಬ್ಬರು ಬರದಿದ್ದರೂ ಬಾಗಿಲು ತೆರೆಯುವುದಿಲ್ಲ. ಈ ಪ್ರವಾಸದಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ ದೃಶ್ಯ. ನಂಬಿಕೆ ಒಂದೇ ಆಗದಿದ್ದರೂ ಶತಮಾನಗಳಿಂದ ದಿನಾ ನಡೆಯುತ್ತಿರುವ ಕೆಲಸ.

ಐದನೇ ದಿನ, ಸೋಮವಾರ

ಹೆಬ್ರಾನ್, ಜೆರುಸಲೇಮಿನಿಂದ ಸುಮಾರು 30 ಕಿಲೋಮೀಟರ್. ಮೂರೂ ಧರ್ಮದ ಮೂಲಪುರುಷ ಅಬ್ರಹಾಮನ ಸಮಾಧಿ ಅಲ್ಲಿದೆ. ಹೆಂಡತಿ ಸಾರಾ ಸತ್ತಾಗ 400 ಶೆಕೆಲ್ ಬೆಳ್ಳಿ ಕೊಟ್ಟು ಅವನು ಕೊಂಡ ಮಕ್ಪೇಲ ಗುಹೆ ಇದೇ ಅಂತ ನಂಬಿಕೆ. ಮೇಲಿನ ದೊಡ್ಡ ಕಲ್ಲಿನ ಗೋಡೆ ರಾಜ ಹೆರೋದನ ಕಾಲದ್ದು, ಎರಡು ಸಾವಿರ ವರ್ಷ ಹಳೆಯದು. ಒಳಗೆ ಚರ್ಚ್ ಆಗಿತ್ತು, ಮಸೀದಿ ಆಯಿತು, ಮತ್ತೆ ಚರ್ಚ್, ಮತ್ತೆ ಮಸೀದಿ. ಈಗ ಅರ್ಧ ಮಸೀದಿ, ಅರ್ಧ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ.

ಈ ಊರಿನ ನೆನಪು ಒಳ್ಳೆಯದಲ್ಲ. 1929ರ ಗಲಭೆಯಲ್ಲಿ ಇಲ್ಲಿ 67 ಯಹೂದಿಗಳನ್ನು ಕೊಂದರು. 1994ರಲ್ಲಿ ಯಹೂದಿ ವಲಸಿಗನೊಬ್ಬ ಇದೇ ಕಟ್ಟಡದೊಳಗೆ ನಮಾಜಿನಲ್ಲಿದ್ದ 29 ಮುಸ್ಲಿಮರನ್ನು ಗುಂಡಿಟ್ಟು ಕೊಂದ. ಅದಾದ ಮೇಲೆ ಕಟ್ಟಡವನ್ನು ಪಾಲು ಮಾಡಿದರು. ಅಬ್ರಹಾಮನ ಮಗ ಇಸಾಕ, ಸೊಸೆ ರೆಬೆಕ್ಕ ಇವರ ಸಮಾಧಿ ಮುಸ್ಲಿಮರ ಕಡೆ, ಮೊಮ್ಮಗ ಯಾಕೋಬ, ಅವನ ಹೆಂಡತಿ ಲೇಯಾ ಇವರ ಸಮಾಧಿ ಯಹೂದಿಗಳ ಕಡೆ. ವರ್ಷಕ್ಕೆ 10 ದಿನ ಇಡೀ ಕಟ್ಟಡ ಇವರಿಗೆ, ಇನ್ನು 10 ದಿನ ಅವರಿಗೆ. ಅಬ್ರಹಾಮನ ಸಮಾಧಿ ಮಾತ್ರ ನಡುವೆ ಬಿದ್ದಿದೆ. ಎರಡೂ ಕಡೆಯಿಂದ ಕಂಬಿಯ ಕಿಟಕಿಯಲ್ಲಿ ನೋಡಬೇಕು.

ಕಾವಲಿನವನು ನಮ್ಮ ಧರ್ಮ ಕೇಳಿದ. ಹೇಳಿದೆವು. ಒಂದು ಕ್ಷಣ ಯೋಚಿಸಿ ಬಿಟ್ಟ. ಯಾವ ಕಡೆಯವರೂ ಅಲ್ಲದ ನಾವು ಎರಡೂ ಕಡೆಗೆ ಹೋಗಬಹುದು. ಅಬ್ರಹಾಮನ ಸ್ವಂತ ವಂಶದವರು ಅನ್ನುವವರಿಗೆ ಈ ಅನುಕೂಲ ಇಲ್ಲ. ಮೊದಲು ಮಸೀದಿಯ ಕಡೆಯಿಂದ ನೋಡಿದೆ. ಹೊರಗೆ ಬಂದು, ಸುತ್ತಿ, ಮತ್ತೆ ತಪಾಸಣೆ ಮುಗಿಸಿ, ಸಿನಗಾಗಿನ ಕಡೆಯಿಂದ ನೋಡಿದೆ. ಅದೇ ಸಮಾಧಿ, ಅದರ ಮೇಲೆ ಹೊದಿಸಿದ ಅದೇ ಬಟ್ಟೆ.

ದೇವರು ಅಬ್ರಹಾಮನನ್ನು ಪರೀಕ್ಷಿಸಲು ಮಗನನ್ನು ಬಲಿ ಕೊಡು ಅಂದ ಕಥೆ ಮೂವರಿಗೂ ಇದೆ. ಬೈಬಲಿನಲ್ಲಿ ಆ ಮಗ ಇಸಾಕ. ಹೆಚ್ಚಿನ ಮುಸ್ಲಿಮರಿಗೆ ಅವನು ಇನ್ನೊಬ್ಬ ಮಗ ಇಷ್ಮಾಯೇಲ. ಅಪ್ಪನ ಬಗ್ಗೆ ತಕರಾರಿಲ್ಲ. ಆರಿಸಿಕೊಂಡ ಮಗ ಯಾರು ಅನ್ನುವುದೇ ಪ್ರಶ್ನೆ. ಆದರೆ ಅದೇ ಬೈಬಲಿನಲ್ಲಿ ಎಲ್ಲರೂ ಓದಿ ಮುಂದೆ ಹೋಗಿಬಿಡುವ ಒಂದು ಸಾಲಿದೆ. ಅಬ್ರಹಾಂ ಸತ್ತಾಗ ಅವನನ್ನು ಈ ಗುಹೆಯಲ್ಲಿ ಹೂಳಿದ್ದು ಇಸಾಕ ಮತ್ತು ಇಷ್ಮಾಯೇಲ, ಇಬ್ಬರೂ ಸೇರಿ. ಮನೆಯಿಂದ ಹೊರಗೆ ಕಳಿಸಿದ್ದ ಮಗ ಅಪ್ಪನ ಮಣ್ಣಿಗೆ ಬಂದಿದ್ದ. ಅವತ್ತು ಇಬ್ಬರೂ ಏನು ಮಾತಾಡಿಕೊಂಡರು ಅಂತ ಬೈಬಲ್ ಹೇಳುವುದಿಲ್ಲ. ಆಮೇಲೆ ಒಟ್ಟಿಗೆ ಬಾಳಿದರು ಅಂತಲೂ ಇಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಗೆಳೆಯ ಒಂದು ಮಾತೂ ಆಡಲಿಲ್ಲ. ದಿಕ್ಸೂಚಿಯನ್ನೂ ಅವತ್ತು ತೆಗೆದಿರಲಿಲ್ಲ.

ಆರನೇ ದಿನ, ಮಂಗಳವಾರ

ಹೈಫಾ ಅವನ ಆಸೆಯ ಊರು. ಬಹಾಯಿ ಧರ್ಮದ ಕೇಂದ್ರ. "ಇಲ್ಲಿ ನೀನು ಸೋಲ್ತೀಯ" ಅಂತ ಬೆಳಿಗ್ಗೆಯೇ ಹೇಳಿದ್ದ.

ಸೋಲುವಂತೆಯೇ ಇತ್ತು. ಕಾರ್ಮೆಲ್ ಬೆಟ್ಟದ ಮೇಲಿನಿಂದ ಕೆಳಗಿನವರೆಗೆ ತೋಟದ ಮಜಲುಗಳು, ನಡುವೆ ಬಂಗಾರದ ಗುಮ್ಮಟ. 1850ರಲ್ಲಿ ಇರಾನಿನ ತಬ್ರೀಜಿನಲ್ಲಿ ಗುಂಡಿಗೆ ಬಲಿಯಾದ ಬಾಬ್ ಅನ್ನುವ ಗುರುವಿನ ಸಮಾಧಿ ಇದು. ಅವನ ನಂತರ ಬಂದು ಬಹಾಯಿ ಧರ್ಮ ಸ್ಥಾಪಿಸಿದ ಬಹಾವುಲ್ಲಾ 1868ರಲ್ಲಿ ಕೈದಿಯಾಗಿ ಕೊಲ್ಲಿಯ ಆಚೆಯ ಆಕ್ರೆಗೆ ಬಂದ. ಅಬ್ರಹಾಂ, ಮೋಶೆ, ಬುದ್ಧ, ಯೇಸು, ಮಹಮ್ಮದ್ ಎಲ್ಲರೂ ಒಬ್ಬನೇ ದೇವರು ಕಾಲಕಾಲಕ್ಕೆ ಕಳಿಸಿದವರು, ಎಲ್ಲ ಧರ್ಮವೂ ಮೂಲದಲ್ಲಿ ಒಂದೇ ಅಂತ ಬಹಾಯಿಗಳ ನಂಬಿಕೆ. ನನ್ನ ಗೆಳೆಯ ಹೇಳುತ್ತಿದ್ದದ್ದೂ ಅದೇ ತಾನೆ. ಸಮಾಧಿಯೊಳಗೆ ಚಪ್ಪಲಿ ಬಿಟ್ಟು ಸುಮ್ಮನೆ ಕೂತೆವು. ಅಷ್ಟು ಶಾಂತಿ ಆ ವಾರ ಇನ್ನೆಲ್ಲೂ ಸಿಕ್ಕಿರಲಿಲ್ಲ.

ಹೊರಗೆ ಬಂದು ಕೇಳಿದೆ, "ಇವರು ಯಾವ ಕಡೆ ತಿರುಗಿ ಪ್ರಾರ್ಥಿಸ್ತಾರೆ?"

ಅವನಿಗೆ ಗೊತ್ತಿತ್ತು. ಹೇಳಲು ಸ್ವಲ್ಪ ಹೊತ್ತು ಬೇಕಾಯಿತು. ಆಕ್ರೆಯ ಪಕ್ಕದ ಬಹ್ಜಿಗೆ, ಬಹಾವುಲ್ಲಾನ ಸಮಾಧಿಯ ಕಡೆಗೆ. ಅಂದರೆ ಇನ್ನೊಂದು ಕಿಬ್ಲಾ. ಇವರದ್ದೇ ಪಂಚಾಂಗ ಇದೆ, 19 ದಿನದ 19 ತಿಂಗಳು. ಇವರದ್ದೇ ಉಪವಾಸ, ಇವರದ್ದೇ ಗ್ರಂಥ. ಬಹಾವುಲ್ಲಾನ ಮಲತಮ್ಮನೇ ಅವನನ್ನು ಒಪ್ಪದೆ ಬೇರೆಯಾದ. ಒಟ್ಟೊಮನ್ನರು ಆ ತಮ್ಮನನ್ನು ಸೈಪ್ರಸ್‌ಗೆ ಗಡಿಪಾರು ಮಾಡಿದರು. ಇತ್ತ ಇರಾನಿನಲ್ಲಿ ಬಹಾಯಿಗಳಿಗೆ ಇವತ್ತಿಗೂ ಕಿರುಕುಳ ತಪ್ಪಿಲ್ಲ. ಮಹಮ್ಮದರೇ ಕೊನೆಯ ಪ್ರವಾದಿ ಅಂದವರಿಗೆ ಅವರ ನಂತರ ಇನ್ನೊಬ್ಬ ಬಂದ ಅಂದರೆ ಅದು ಒಗ್ಗಟ್ಟಿನ ಮಾತಾಗಿ ಕೇಳಿಸುವುದಿಲ್ಲ. ಮೂರನ್ನು ಒಂದು ಮಾಡಲು ಹೊರಟವರಿಂದ ಲೆಕ್ಕ ನಾಲ್ಕಾಯಿತು. ಇದನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ, ಆ ಸಮಾಧಿಯಲ್ಲಿ ಕೂತು ಬಂದವನು ನಾನು.

ಏಳನೇ ದಿನ, ಬುಧವಾರ

ಪೂರ್ತಿ ವಿಮಾನ ನಿಲ್ದಾಣದಲ್ಲೇ ಹೋಯಿತು. ಕಾಯುವಾಗ ಮಾತು ಅಕ್ಬರನ ಕಡೆ ತಿರುಗಿತು. 1575ರಲ್ಲಿ ಫತೇಪುರ್ ಸಿಕ್ರಿಯಲ್ಲಿ ಇಬಾದತ್ ಖಾನಾ ಕಟ್ಟಿಸಿ ಎಲ್ಲ ಮತದವರನ್ನೂ ವಾದಕ್ಕೆ ಕೂರಿಸಿದವನು ಅವನು. ಗೋವಾದಿಂದ ಜೆಸ್ಯೂಟ್ ಪಾದ್ರಿಗಳೂ ಹೋಗಿದ್ದರು. 1582ರ ಹೊತ್ತಿಗೆ ದೀನ್ ಇ ಇಲಾಹಿ ಅನ್ನುವ ತನ್ನದೇ ಮತ ಶುರು ಮಾಡಿದ. ಅಷ್ಟು ದೊಡ್ಡ ಚಕ್ರವರ್ತಿಯ ಮತಕ್ಕೆ ಸೇರಿದ ಹೆಸರುಗಳನ್ನು ಎಣಿಸಿದರೆ ಇಪ್ಪತ್ತೂ ದಾಟುವುದಿಲ್ಲ. ಸೇನಾಪತಿ ಮಾನಸಿಂಗನನ್ನು ಕರೆದಾಗ, ನಾನು ಹಿಂದೂ, ನೀವು ಹೇಳಿದರೆ ಮುಸ್ಲಿಂ ಆಗುತ್ತೇನೆ, ಇವೆರಡು ಬಿಟ್ಟು ಬೇರೆ ದಾರಿ ನನಗೆ ಗೊತ್ತಿಲ್ಲ ಅಂದನಂತೆ. ಗೆಳೆಯ ಇದಕ್ಕೆ ಮಾತ್ರ ಜೋರಾಗಿ ನಕ್ಕ.

ಎಂಟನೇ ದಿನ, ಗುರುವಾರ

ಅಬುಧಾಬಿಯ ಸಾದಿಯಾತ್ ದ್ವೀಪ. ಅದೇ ವರ್ಷ ಮಾರ್ಚ್ 1ರಂದು ಜನರಿಗೆ ತೆರೆದಿದ್ದ ಅಬ್ರಹಾಮಿಕ್ ಫ್ಯಾಮಿಲಿ ಹೌಸ್. 2019ರ ಫೆಬ್ರವರಿ 4ರಂದು ಪೋಪ್ ಫ್ರಾನ್ಸಿಸ್ ಮತ್ತು ಕೈರೋದ ಇಸ್ಲಾಮೀ ವಿದ್ಯಾಪೀಠ ಅಲ್ ಅಜ್ಹರಿನ ಗ್ರ್ಯಾಂಡ್ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಈ ಊರಲ್ಲೇ ಮಾನವ ಬಂಧುತ್ವದ ದಾಖಲೆಗೆ ಸಹಿ ಹಾಕಿದರು. ಅದರ ಹಿಂದೆಯೇ ಬಂದ ಯೋಜನೆ ಇದು. ವಾಸ್ತುಶಿಲ್ಪಿ ಡೇವಿಡ್ ಅಜಾಯೆ. ಒಂದು ಮಸೀದಿ, ಒಂದು ಚರ್ಚ್, ಒಂದು ಸಿನಗಾಗ್. ಮೂರೂ 30 ಮೀಟರಿನ ಘನ ಚೌಕ. ಒಂದು ದೊಡ್ಡದು, ಇನ್ನೊಂದು ಚಿಕ್ಕದು ಅನ್ನುವಂತಿಲ್ಲ. ಸಿನಗಾಗಿಗೆ ನಮ್ಮ ಮೋಶೆ ಬೆನ್ ಮೈಮೊನ್ ಹೆಸರು. ಚರ್ಚಿಗೆ ಸಂತ ಫ್ರಾನ್ಸಿಸನ ಹೆಸರು, ಮಸೀದಿಗೆ ಆ ಇಮಾಮರ ಹೆಸರು.

ಮೂರೂ ಸೇರಿಸಿ ಹೊಸ ಧರ್ಮ ಮಾಡುತ್ತಿದ್ದಾರೆ ಅಂತ ಹಲವರು ಗಲಾಟೆ ಎಬ್ಬಿಸಿದ್ದರು. ಆದರೆ ಆ ದಾಖಲೆ ಹೇಳುವುದೇ ಬೇರೆ. ಧರ್ಮಗಳು ಹಲವಾಗಿರುವುದು ದೇವರ ಇಚ್ಛೆ ಅನ್ನುತ್ತದೆ ಅದು. ಈ ಸಾಲಿಗೆ ಕ್ಯಾಥೊಲಿಕ್ಕರಲ್ಲೇ ಕೆಲವರು ಸಿಟ್ಟಾದರು. ಇನ್ನು, ಮಸೀದಿಗೆ ಯಾರ ಹೆಸರಿದೆಯೋ ಅದೇ ಇಮಾಮ್ 2021ರ ನವೆಂಬರಿನಲ್ಲಿ ಖಡಾಖಂಡಿತವಾಗಿ ಹೇಳಿದರು, ಮೂರನ್ನೂ ಬೆರೆಸಿ 'ಅಬ್ರಹಾಮಿಕ್ ಧರ್ಮ' ಅಂತ ಮಾಡುವ ಮಾತು ಒಪ್ಪುವಂಥದ್ದಲ್ಲ, ಜನರೆಲ್ಲ ಒಂದೇ ಧರ್ಮಕ್ಕೆ ಬರುವುದು ಆಗದ ಕೆಲಸ ಅಂತ. ಕೈ ಕುಲುಕಿದ ಮನುಷ್ಯನೇ ಅಂದದ್ದರಿಂದ ಈ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಮೂರನ್ನೂ ನೋಡಿದೆವು. ಮಸೀದಿಯಲ್ಲಿ ಎತ್ತರದ ಕಮಾನುಗಳು, ಜಾಲಂಧ್ರದಿಂದ ಸೋಸಿ ಬರುವ ಬೆಳಕು. ಚರ್ಚಿನ ಚಾವಣಿಯಿಂದ ಮಳೆ ಸುರಿದಂತೆ ಇಳಿಬಿದ್ದ ಮರದ ಪಟ್ಟಿಗಳು. ಸಿನಗಾಗಿನಲ್ಲಿ ಡೇರೆಯಂತೆ ಇಳಿದ ಲೋಹದ ಬಲೆ. ಗೆಳೆಯ ಮತ್ತೆ ಮೊಬೈಲ್ ತೆಗೆದ. ಮಸೀದಿ ಮೆಕ್ಕಾದ ಕಡೆ, ಇಲ್ಲಿಂದ ಹೆಚ್ಚುಕಡಿಮೆ ಪಶ್ಚಿಮ. ಸಿನಗಾಗ್ ಜೆರುಸಲೇಮಿನ ಕಡೆ, ವಾಯವ್ಯ. ಚರ್ಚ್ ಸೂರ್ಯ ಹುಟ್ಟುವ ಕಡೆ, ಪೂರ್ವ. ದೂರದಿಂದ ನೋಡುವಾಗ ಮೂರು ಕಟ್ಟಡ ಒಂದಕ್ಕೊಂದು ಓರೆಯಾಗಿ ನಿಂತಿರುವುದು ಚಂದಕ್ಕೆ ಅಂತ ಅಂದುಕೊಂಡಿದ್ದೆವು.

ಮೂರರ ನಡುವೆ ಎತ್ತರಿಸಿದ ತೋಟ ಇದೆ. ಗೆಳೆಯ ಅಲ್ಲಿ ನಿಂತು ಒಂದು ಸುತ್ತು ತಿರುಗಿದ. ಜೂನ್ ತಿಂಗಳ ಬಿಸಿಲು, ಮೊಬೈಲಿನ ಪರದೆಯೂ ಸರಿಯಾಗಿ ಕಾಣುತ್ತಿರಲಿಲ್ಲ.

"ಈಗ ನಾನು ಯಾವ ಕಡೆ ತಿರುಗಲಿ, ನೀನೇ ಹೇಳಪ್ಪ" ಅಂದ.

"ಮೊದಲು ಆ ನೆರಳಿನ ಕಡೆ ನಡಿ ಮಾರಾಯ" ಅಂದೆ.